ಮಂತ್ರದ ಮರೆಯಲ್ಲಿ ಯಂತ್ರ: ಸ್ತ್ರೀವಾದಿ ವೈಜ್ಞಾನಿಕ ಸಾಹಸಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕತ್ತಿ, ಕಾಡು, ಮಂತ್ರವಾದಿಗಳ ಕಥೆಯಾಗಿ ಶುರುವಾಗುತ್ತದೆ. ನಡುವೆಲ್ಲೋ ಇದು ಯಂತ್ರಗಳ ಕಥೆ ಎಂದು ಗೊತ್ತಾಗುತ್ತದೆ. ಗೊತ್ತುಮಾಡಿಕೊಳ್ಳುವವಳು ಒಬ್ಬ ಹೆಂಗಸು. ಈ ಬಗೆಯ ಕಾದಂಬರಿಗಳನ್ನು ಓದುವವರೂ ಬರೆಯಲು ಹೊರಟವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಸುಲಭದವು ಮೊದಲು, ತೊಡಕಿನವು ಕೊನೆಗೆ. ಉತ್ತರ ಕೊಡುವ ಭರದಲ್ಲಿ ಕೆಲವು ಪುಸ್ತಕಗಳ ಗುಟ್ಟು ಬಯಲಾಗಿದೆ, ಮೊದಲೇ ಹೇಳಿಬಿಡುತ್ತೇವೆ.

## ಮೊದಲ ಪರಿಚಯ

ಇದು ಫ್ಯಾಂಟಸಿಯೋ ಸೈನ್ಸ್ ಫಿಕ್ಷನ್ನೋ? ಯಾವುದಾದರೂ ಒಂದು ಅಂತ ಹೇಳಿಬಿಡಿ.

ಓದುವಾಗ ಫ್ಯಾಂಟಸಿ, ಓದಿ ಮುಗಿಸಿದಾಗ ಸೈನ್ಸ್ ಫಿಕ್ಷನ್. ಊರಿನವರೆಲ್ಲ ಹೆದರುವ ಶಾಪದ ಗೋಪುರ ಎರಡರಲ್ಲೂ ಇರಬಹುದು. ಫ್ಯಾಂಟಸಿಯಲ್ಲಿ ಶಾಪ ಶಾಪವೇ. ಇಲ್ಲಿ ಮಾತ್ರ ಗೋಪುರದ ಬಳಿ ಮೇಯ್ದ ಕುರಿಗಳ ಉಣ್ಣೆ ಉದುರುತ್ತದೆ, ಕಾವಲುಗಾರರ ಒಸಡಿನಲ್ಲಿ ರಕ್ತ ಬರುತ್ತದೆ, ದೂರ ನಿಂತವರಿಗಿಂತ ಹತ್ತಿರ ನಿಂತವರು ಬೇಗ ಸಾಯುತ್ತಾರೆ. ಓದುಗನಿಗೆ 'ವಿಕಿರಣ' ಎಂಬ ಪದ ಹೊಳೆಯುತ್ತದೆ, ಪಾತ್ರಗಳಿಗೆ ಆ ಪದವೇ ಗೊತ್ತಿಲ್ಲ.

ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಇದೆ. ಮಂತ್ರ ಹೇಳುವವರ ಭಕ್ತಿ, ಕುಲ, ಮನಸ್ಸು ಬದಲಾದರೆ ಫಲವೂ ಬದಲಾಗುತ್ತದೆಯೇ? ಬದಲಾದರೆ ಅದು ಮಾಯೆ. ಯಾರು ಒತ್ತಿದರೂ ಬಾಗಿಲು ತೆರೆದರೆ ಅದು ಯಂತ್ರ.

ನಾಯಕಿ ಇದ್ದರೆ ಸಾಕಲ್ಲ, ಸ್ತ್ರೀವಾದಿ ಅನ್ನಬಹುದಲ್ಲ?

ಸಾಲದು. ಕತ್ತಿ ಬೀಸುವ ನಾಯಕಿಯ ಹೆಸರು ತೆಗೆದು ಗಂಡಸಿನ ಹೆಸರು ಹಾಕಿ ನೋಡಿ. ಕಥೆಯಲ್ಲಿ ಒಂದು ಎಳೆಯೂ ಅಲುಗಾಡದಿದ್ದರೆ ಅದು ಒಳ್ಳೆಯ ಸಾಹಸಕಥೆ ಆಗಿರಬಹುದು, ಅಷ್ಟೇ.

ಈ ಪ್ರಕಾರದ ಜೀವಾಳ ಇರುವುದು ಗುಟ್ಟಿನಲ್ಲಿ. ತಂತ್ರಜ್ಞಾನ ಅಡಗಿದೆ ಎಂದರೆ ಅದನ್ನು ಅಡಗಿಸಿಟ್ಟವರು ಯಾರೋ ಇದ್ದಾರೆ. 'ಇದು ನಿನಗೆ ತಿಳಿಯದು, ನೀನು ಮುಟ್ಟಬಾರದು, ಆ ಕಡೆ ಹೋಗಬಾರದು' ಎನ್ನುವ ನಿಷೇಧಗಳು ಯಂತ್ರವನ್ನು ಕಾಯುತ್ತವೆ. ಹೆಂಗಸನ್ನು ಅವಳ ಜಾಗದಲ್ಲಿ ಇಡುವ ನಿಷೇಧಗಳೂ ಅವೇ. ಎರಡು ಬೀಗಕ್ಕೂ ಒಂದೇ ಕೀಲಿಕೈ. ಯಂತ್ರದ ಗುಟ್ಟು ಒಡೆದರೂ ಮನೆಯೊಳಗಿನ ಅಧಿಕಾರ ಇದ್ದಂತೆಯೇ ಇದ್ದರೆ ಆ ಕಥೆ ಬರೀ ಒಗಟು.

'ತುಂಬಾ ಮುಂದುವರಿದ ತಂತ್ರಜ್ಞಾನ ಮಾಯೆಯ ಹಾಗೇ ಕಾಣುತ್ತದೆ' ಅಂತ ಕ್ಲಾರ್ಕ್ ಹೇಳಿದ್ದು ಇದನ್ನೇ ತಾನೆ?

ಅರ್ಧ ಇದನ್ನೇ. ಸೈನ್ಸ್ ಫಿಕ್ಷನ್ ಲೇಖಕ ಆರ್ಥರ್ ಸಿ. ಕ್ಲಾರ್ಕ್ 1973ರಲ್ಲಿ ತಮ್ಮ ಪ್ರಬಂಧ ಸಂಗ್ರಹವೊಂದರ ಪರಿಷ್ಕೃತ ಆವೃತ್ತಿಯಲ್ಲಿ ಇದನ್ನು ಮೂರನೆಯ ನಿಯಮವಾಗಿ ಸೇರಿಸಿದರು. 'ಯಾರಿಗೆ ಹಾಗೆ ಕಾಣುತ್ತದೆ?' ಎಂಬ ಪ್ರಶ್ನೆಯನ್ನು ನಿಯಮ ಕೇಳುವುದಿಲ್ಲ. ಯಂತ್ರ ನಡೆಸುವವನಿಗೆ ಅದು ಯಾವತ್ತೂ ಮಾಯೆಯಾಗಿ ಕಾಣುವುದಿಲ್ಲ, ಹೊರಗೆ ನಿಲ್ಲಿಸಿದವರಿಗೆ ಮಾತ್ರ ಕಾಣುತ್ತದೆ. ಸ್ತ್ರೀವಾದಿ ಲೇಖಕಿಯರು ಹಿಡಿದದ್ದು ಈ ಎಳೆಯನ್ನು.

ಇದೆಲ್ಲ ಯಾವಾಗಿನಿಂದ ಇದೆ? ಈಚಿನ ಫ್ಯಾಷನ್ನಾ?

ಅಲ್ಲ. ಬಂಗಾಳದ ಲೇಖಕಿ ರೊಕೆಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದ್ರಾಸಿನ 'ದಿ ಇಂಡಿಯನ್ ಲೇಡೀಸ್ ಮ್ಯಾಗಝೀನ್'ನಲ್ಲಿ ಅಚ್ಚಾಯಿತು. ಅಲ್ಲಿ ಗಂಡಸರು ಮರ್ದಾನಾ ಎಂಬ ಒಳಮನೆಯೊಳಗೆ, ಹೆಂಗಸರು ಹೊರಗೆ. ಸೂರ್ಯನ ಶಾಖವನ್ನು ಹಿಡಿದಿಟ್ಟು ಶತ್ರುಸೈನ್ಯವನ್ನು ಓಡಿಸುತ್ತಾರೆ, ಮೋಡದಿಂದ ನೀರು ಇಳಿಸುತ್ತಾರೆ. ಆ ಕಥೆಯಲ್ಲಿ ತಂತ್ರಜ್ಞಾನ ಬಟಾಬಯಲು. ಬಚ್ಚಿಟ್ಟುಕೊಂಡದ್ದು ಅಂತ ಏನಾದರೂ ಇದ್ದರೆ ಗಂಡಸರನ್ನೇ! ಅದರ ತಮಾಷೆಯೂ ಅದೇ, ಏಟೂ ಅದೇ.

ತಂತ್ರಜ್ಞಾನವನ್ನು ಮರೆಯಲ್ಲಿಡುವ ಬಗೆ ಗಟ್ಟಿಯಾದದ್ದು ಆಮೇಲೆ. ಆನ್ ಮೆಕ್ಯಾಫ್ರಿಯ ಪರ್ನ್ ಲೋಕದ ಡ್ರ್ಯಾಗನ್‌ಗಳು ಪುರಾಣದ ಪ್ರಾಣಿಗಳಂತೆ ಕಂಡರೂ, ನೆಲೆಸಲು ಬಂದ ಮನುಷ್ಯರು ಅಲ್ಲಿನ ಸಣ್ಣ ಹಲ್ಲಿಯಂಥ ಜೀವಿಗಳ ವಂಶವಾಹಿಯನ್ನು ತಿದ್ದಿ ಮಾಡಿದವು. ಆ ಮಾಲೆಯ ಮೊದಲ ನೀಳ್ಗತೆಗೆ 1968ರಲ್ಲಿ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು, ಕಥಾಸಾಹಿತ್ಯಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಆಕೆ. ಆದರೂ ಅದನ್ನು ಸ್ತ್ರೀವಾದಿ ಎನ್ನಲು ನಾವು ಹಿಂಜರಿಯುತ್ತೇವೆ, ಲೈಂಗಿಕ ಒಪ್ಪಿಗೆಯ ವಿಷಯದಲ್ಲಿ ಆ ಪುಸ್ತಕಗಳು ಎಡವುತ್ತವೆ. ವೊಂಡಾ ಮೆಕಿಂಟೈರ್ (1978), ಜೋನ್ ವಿಂಜ್ (1980), ರೋಸ್‌ಮೆರಿ ಕರ್ಸ್ಟೈನ್ (1989) ದಾರಿಯನ್ನು ಅಗಲ ಮಾಡಿದರು. ಎನ್.ಕೆ. ಜೆಮಿಸಿನ್ ಒಂದೇ ತ್ರಿವಳಿಯ ಮೂರೂ ಸಂಪುಟಗಳಿಗೆ 2016, 2017, 2018ರಲ್ಲಿ ಸತತವಾಗಿ ಹ್ಯೂಗೋ ಪಡೆದರು. ಅದುವರೆಗೆ ಯಾರಿಗೂ ಹಾಗೆ ಬಂದಿರಲಿಲ್ಲ.

ನಡುವೆ ಒಂದು ಮಾತು. ಜೇಮ್ಸ್ ಟಿಪ್ಟ್ರಿ ಜೂನಿಯರ್ ಎಂಬ ಹೆಸರಿನ ಬರವಣಿಗೆಯಲ್ಲಿ ಅಪ್ಪಟ ಗಂಡಸುತನ ಇದೆ ಎಂದು 1975ರಲ್ಲಿ ಹಿರಿಯ ಲೇಖಕರೊಬ್ಬರು ಮುನ್ನುಡಿಯಲ್ಲಿ ಬರೆದರು. ಆ ಹೆಸರಿನ ಹಿಂದೆ ಇದ್ದವರು ಆಲಿಸ್ ಶೆಲ್ಡನ್.

## ಓದುವವರು ಕೇಳುವುದು

ಯಾವುದರಿಂದ ಶುರು ಮಾಡಲಿ?

ನಿಮಗೆ ಕಥೆಯಲ್ಲಿ ಏನು ಬೇಕು ಎನ್ನುವುದರ ಮೇಲೆ ಹೋಗುತ್ತದೆ. ಮನುಷ್ಯರು, ಗಾಯ, ಆರೈಕೆ ಬೇಕೆಂದರೆ ಮೆಕಿಂಟೈರ್‌ ಅವರ 'ಡ್ರೀಮ್‌ಸ್ನೇಕ್'. ಮರಳುಗಾಡಿನಲ್ಲಿ ಅಲೆಯುವ ವೈದ್ಯೆಯ ಚೀಲದಲ್ಲಿ ಮೂರು ಹಾವು. ಅವುಗಳ ವಿಷಗ್ರಂಥಿಯನ್ನೇ ಔಷಧ ತಯಾರಿಸುವ ಕಾರ್ಖಾನೆ ಮಾಡಿಕೊಂಡಿದ್ದಾಳೆ. ಹೊರಗಿನವರಿಗೆ ಮಾಟ, ಅವಳಿಗೆ ದಿನದ ಕಸುಬು.

ಒಗಟು ಬಿಡಿಸುವ ಖುಷಿ ಬೇಕೆಂದರೆ ಕರ್ಸ್ಟೈನ್ ಅವರ 'ದಿ ಸ್ಟಿಯರ್ಸ್‌ವುಮನ್'. ಅಲ್ಲಿನ ಅಲೆಮಾರಿ ವಿದ್ವಾಂಸೆಯರು ಯಾರು ಏನು ಕೇಳಿದರೂ ನಿಜ ಹೇಳಬೇಕು. ಅವರ ಪ್ರಶ್ನೆಗೆ ಸುಳ್ಳು ಹೇಳಿದವರಿಗೆ ಅಥವಾ ಬಾಯಿಬಿಡದವರಿಗೆ ಮುಂದೆ ಯಾವ ವಿದ್ವಾಂಸೆಯೂ ಉತ್ತರ ಕೊಡುವುದಿಲ್ಲ. ಎದುರುಪಕ್ಷದಲ್ಲಿ ಗುಟ್ಟನ್ನೇ ಬಂಡವಾಳ ಮಾಡಿಕೊಂಡ ಮಾಂತ್ರಿಕರು. ಈ ಪ್ರಕಾರದ ತಿರುಳನ್ನು ಇದಕ್ಕಿಂತ ಚೊಕ್ಕವಾಗಿ ಕಥೆಗೆ ಇಳಿಸಿದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. 2004ರ ಹೊತ್ತಿಗೆ ನಾಲ್ಕು ಸಂಪುಟ ಬಂದವು, ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪೂರ್ತಿ ಮುಗಿದ ಕಥೆಯೇ ಬೇಕು ಎನ್ನುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಜೆಮಿಸಿನ್ ಅವರ 'ಬ್ರೋಕನ್ ಅರ್ತ್' ತ್ರಿವಳಿಯನ್ನು ಮೂರನೆಯದಾಗಿ ಇಟ್ಟುಕೊಳ್ಳಿ. ದೊಡ್ಡ ಭಾಗವೊಂದು 'ನೀನು' ಎಂದು ಕರೆಯುತ್ತಾ ಸಾಗುತ್ತದೆ, ಪಳಗದ ಓದುಗರು ಐವತ್ತು ಪುಟಕ್ಕೇ ಕೈಬಿಡುತ್ತಾರೆ.

ಗುಟ್ಟು ಮೊದಲೇ ಗೊತ್ತಾಗಿಬಿಟ್ಟರೆ ಓದಿ ಏನು ಪ್ರಯೋಜನ?

ಒಳ್ಳೆಯ ಪುಸ್ತಕವಾದರೆ ಎರಡನೆಯ ಓದು ಇನ್ನೂ ರುಚಿ. ಏಕೆಂದರೆ 'ಇದು ಏನು' ಎಂಬುದು ಇಲ್ಲಿ ಅರ್ಧ ಪ್ರಶ್ನೆ. ಅವಳು ಹೇಗೆ ತಿಳಿದಳು, ತಿಳಿದದ್ದಕ್ಕೆ ಏನು ತೆತ್ತಳು ಎನ್ನುವುದು ಉಳಿದರ್ಧ. ಗುಟ್ಟು ಗೊತ್ತಾದ ಕೂಡಲೇ ಸಪ್ಪೆಯಾಗುವ ಪುಸ್ತಕ ಮೊದಲ ಓದಿಗೂ ಅಷ್ಟಕ್ಕಷ್ಟೇ.

ಇವೆಲ್ಲ ಗಂಡಸರನ್ನು ಹಳಿಯುವ ಕಥೆಗಳಲ್ಲವೇ?

ಕೆಲವು ಹಳಿಯುತ್ತವೆ, ಅವು ಬೇಗ ಹಳತಾಗುತ್ತವೆ. ಹೆಚ್ಚಿನವುಗಳಲ್ಲಿ ನಾಯಕಿಯ ಜೊತೆಗಾರರಲ್ಲಿ ಗಂಡಸರಿದ್ದಾರೆ, ಗುಟ್ಟಿನ ಕಾವಲಿಗೆ ಹೆಂಗಸರೂ ಇದ್ದಾರೆ. ವಿಂಜ್ ಅವರ 'ದಿ ಸ್ನೋ ಕ್ವೀನ್' ಕಾದಂಬರಿಯಲ್ಲಿ ತನ್ನ ಪಟ್ಟ ಉಳಿಸಿಕೊಳ್ಳಲು ಏನು ಮಾಡಲೂ ಹೇಸದವಳು ರಾಣಿಯೇ.

## ಬರೆಯಲು ಹೊರಟವರು ಕೇಳುವುದು

ಎಷ್ಟು ಯಂತ್ರ ಬಚ್ಚಿಡಬಹುದು? ನನ್ನ ಕಥೆಯಲ್ಲಿ ಹಾರುವ ನಗರ, ಮಾತಾಡುವ ಕನ್ನಡಿ, ಸಾಯದ ಸೈನಿಕರು ಎಲ್ಲ ಇದ್ದಾರೆ.

ಒಂದು. ಕೈ ತಡೆಯದಿದ್ದರೆ ಎರಡು. ಹಾರುವ ನಗರವೂ ಮಾತಾಡುವ ಕನ್ನಡಿಯೂ ಒಂದೇ ಮೂಲದ ಟಿಸಿಲುಗಳಾಗಿದ್ದರೆ ಸರಿ. ಬೇರೆ ಬೇರೆಯಾದರೆ ಓದುಗ ಲೆಕ್ಕ ಬಿಡುತ್ತಾನೆ, 'ಏನು ಬೇಕಾದರೂ ಆಗಬಹುದು' ಎಂದು ಸುಮ್ಮನಾಗುತ್ತಾನೆ. ಅಲ್ಲಿಗೆ ಸುಳಿವು ಹುಡುಕುವ ಆಟ ಮುಗಿದಂತೆ.

ಆರಿಸಿದ ಯಂತ್ರಕ್ಕೆ ಬರೆಯುವ ಮೊದಲೇ ನಾಲ್ಕು ಸಾಲಿನ ಚೀಟಿ ಮಾಡಿಟ್ಟುಕೊಳ್ಳಿ: ಶಕ್ತಿ ಎಲ್ಲಿಂದ, ಯಾವ ಭಾಗ ಮೊದಲು ಕೆಡುತ್ತದೆ, ದುರಸ್ತಿ ಮಾಡುವ ಕೈ ಯಾರದು, ಬಚ್ಚಿಡಲಾಗದೆ ಹೊರಗೆ ಬೀಳುವ ಕುರುಹು ಯಾವುದು (ಶಾಖ, ಸದ್ದು, ವಾಸನೆ, ಬೆಳಕು, ರೋಗ). ನಾಲ್ಕನೆಯ ಸಾಲೇ ನಿಮ್ಮ ಕಥಾವಸ್ತು. ಮೂರನೆಯ ಸಾಲನ್ನು ಖಾಲಿ ಬಿಡುವವರು ಬಹಳ. ದೇಗುಲದ ಯಂತ್ರವನ್ನು ಪ್ರತಿದಿನ ಒರೆಸಿ, ಎಣ್ಣೆ ಹಾಕಿ, ಧೂಳು ತೆಗೆಯುವವಳು ಯಾರು? ಅರ್ಚಕನಿಗಿಂತ ಹೆಚ್ಚು ಗೊತ್ತಿರುವುದು ಆ ಕೈಗೆ.

ಸಾವಿರ ವರ್ಷದ ಹಿಂದಿನ ಯಂತ್ರ ಇನ್ನೂ ಓಡ್ತಿದೆ ಅಂದರೆ ಯಾರಾದರೂ ನಂಬ್ತಾರಾ?

ಲೆಕ್ಕ ಸರಿ ಇದ್ದರೆ ನಂಬುತ್ತಾರೆ. ಸಾಮಾನ್ಯವಾಗಿ ಎಡವುವುದು ಬ್ಯಾಟರಿಯಲ್ಲಿ. ಕಾರಿನಲ್ಲಿರುವ ಸೀಸ ಮತ್ತು ಆಮ್ಲದ ಬ್ಯಾಟರಿ ನಾಲ್ಕೈದು ವರ್ಷ ಬಾಳಿದರೆ ಹೆಚ್ಚು. ಸಿಲಿಕಾನ್ ಸೌರಫಲಕ ವರ್ಷಕ್ಕೆ ಸುಮಾರು ಅರ್ಧ ಶೇಕಡಾ ಸೊರಗುತ್ತದೆ. ಫಲಕ ಉಳಿದರೂ ಅದರ ಮೇಲಿನ ಧೂಳು, ಒಳಗಿನ ತಂತಿ, ಬೆಸುಗೆ ಉಳಿಯಬೇಕಲ್ಲ?

ದೂರದ ಬಾಹ್ಯಾಕಾಶ ನೌಕೆಗಳಲ್ಲಿರುವಂಥ ವಿಕಿರಣ ಶಾಖದ ಪೆಟ್ಟಿಗೆ ಹೆಚ್ಚು ನಂಬಿಕೆಗೆ ಅರ್ಹ. ಅದರಲ್ಲೂ ಧಾತು ನೋಡಿ ಆರಿಸಬೇಕು. ಪ್ಲುಟೋನಿಯಂ-238ರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, 87.7 ವರ್ಷ. ಒಂದು ಕಿಲೋ ಮೊದಲ ದಿನ ಸುಮಾರು 570 ವಾಟ್ ಶಾಖ ಕೊಟ್ಟರೆ 500 ವರ್ಷದ ಮೇಲೆ 11 ವಾಟ್, ಸಾವಿರಕ್ಕೆ ಕಾಲು ವಾಟ್ ಕೂಡ ಇಲ್ಲ. ಅಮೆರಿಸಿಯಂ-241ರ ಅರ್ಧಾಯುಷ್ಯ 432 ವರ್ಷ. ಕಿಲೋಗೆ ಮೊದಲು 114 ವಾಟ್, ಸಾವಿರ ವರ್ಷದ ಮೇಲೂ ಸುಮಾರು 23 ವಾಟ್. 23 ವಾಟ್ ಶಾಖದಿಂದ ನಗರ ಹಾರುವುದಿಲ್ಲ. ಆದರೆ ಚಳಿಗಾಲದಲ್ಲೂ ಬೆಚ್ಚಗಿರುವ ಒಂದು ಕಲ್ಲುಪೀಠ, ಅದರ ಸುತ್ತ ಮಾತ್ರ ಕರಗುವ ಹಿಮ, ಅಲ್ಲಿಗೆ ಬಂದು ಮಲಗುವ ಬೆಕ್ಕುಗಳು, ಇಷ್ಟು ಬೇಕಾದಷ್ಟಾಯಿತು.

ಉಳಿಯುವ ವಸ್ತುಗಳನ್ನು ನೆನಪಿಡಿ: ಗಾಜು, ಸುಟ್ಟ ಮಣ್ಣು, ಚಿನ್ನ. ಉಕ್ಕು ತುಕ್ಕು ಹಿಡಿಯುತ್ತದೆ, ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಪುಡಿಪುಡಿಯಾಗುತ್ತದೆ. ಎರಡು ಸಾವಿರ ವರ್ಷ ಸಮುದ್ರದಡಿ ಇದ್ದ, ಗ್ರಹಗತಿ ಲೆಕ್ಕಹಾಕುವ ಪ್ರಾಚೀನ ಗ್ರೀಕರ ಆಂಟಿಕಿಥೆರಾ ಯಂತ್ರ 1901ರಲ್ಲಿ ಮೇಲೆ ಬಂದಾಗ ಹಸಿರುಗಟ್ಟಿದ ಕಂಚಿನ ಮುದ್ದೆ. ಒಳಗೆ ಮೂವತ್ತು ಹಲ್ಲುಚಕ್ರ ಉಳಿದಿದ್ದವು, ಆದರೆ ಒಂದೂ ತಿರುಗುತ್ತಿರಲಿಲ್ಲ.

ನಾಯಕಿ ಗುಟ್ಟನ್ನು ಹೇಗೆ ಪತ್ತೆಮಾಡಬೇಕು? ಒಬ್ಬ ಮುದುಕ ಬಂದು ಎಲ್ಲ ಹೇಳಿಬಿಟ್ಟರೆ ತಪ್ಪೇನು?

ಮುದುಕ ಹೇಳಿದರೆ ಗುಟ್ಟು ಒಬ್ಬನ ಕೈಯಿಂದ ಇನ್ನೊಬ್ಬಳ ಕೈಗೆ ದಾನವಾಗಿ ಬಂತು. ಅವಳೇ ಅಳೆದು ಕಂಡರೆ ಆ ಅರಿವು ಅವಳದು, ಯಾರೂ ಹಿಂದಕ್ಕೆ ಕೇಳುವಂತಿಲ್ಲ. ಈ ಪ್ರಕಾರದಲ್ಲಿ ಎರಡರ ನಡುವಿನ ಅಂತರ ಬಹಳ ದೊಡ್ಡದು.

ಒಂದು ಮಾದರಿಯನ್ನು ಪೂರ್ತಿ ಬಿಡಿಸಿ ನೋಡೋಣ. ಗುಟ್ಟು: ಆಕಾಶದಲ್ಲಿ ಅಲ್ಲಾಡದೆ ನಿಂತ 'ಕಾವಲು ನಕ್ಷತ್ರ' ನಿಜಕ್ಕೂ ಒಂದು ಉಪಗ್ರಹ. ಭೂಮಿಯಂಥ ಗ್ರಹ ಎಂದುಕೊಳ್ಳಿ, ಎತ್ತರ 35,786 ಕಿಲೋಮೀಟರ್.

ಮೊದಲ ಹೆಜ್ಜೆಗೆ ಎರಡು ಕೋಲು ಸಾಕು. ಗಿಡ್ಡ ಕೋಲಿನ ತುದಿಗೆ ಕಣ್ಣಿಟ್ಟು, ಉದ್ದ ಕೋಲಿನ ತುದಿ ನಕ್ಷತ್ರಕ್ಕೆ ತಾಗುವಂತೆ ನೆಲಕ್ಕೆ ಊರುತ್ತಾಳೆ. ನಾಲ್ಕು ನಿಮಿಷಕ್ಕೆ ಅಕ್ಕಪಕ್ಕದ ನಕ್ಷತ್ರಗಳು ಒಂದು ಡಿಗ್ರಿ ಜರುಗುತ್ತವೆ, ಅಂದರೆ ಚಾಚಿದ ಕೈಯ ಕಿರುಬೆರಳಿನಷ್ಟು ಅಗಲ. ಇದೊಂದು ಮಾತ್ರ ಕೋಲಿನ ತುದಿ ಬಿಡುವುದಿಲ್ಲ. ಧ್ರುವನಕ್ಷತ್ರವೂ ಹಾಗೇ ಅಲ್ಲವೇ ಎನ್ನಬಹುದು. ಅಲ್ಲ, ಧ್ರುವದ ನೆರೆಹೊರೆಯೆಲ್ಲ ನಿಧಾನ ಸುತ್ತುತ್ತವೆ. ಈ ನಕ್ಷತ್ರ ನಿಂತಿರುವುದು ಎಲ್ಲವೂ ಅತಿ ವೇಗವಾಗಿ ಸಾಗುವ ನಡುಪಟ್ಟಿಯ (ಭೂಮಧ್ಯರೇಖೆಯ ನೇರಕ್ಕೆ ಇರುವ ಆಕಾಶದ ಪಟ್ಟಿಯ) ಹತ್ತಿರ. ಓಡುವ ಹೊಳೆಯ ನಡುವೆ ನಿಂತ ಕಲ್ಲು.

ಎರಡನೆಯ ಹೆಜ್ಜೆ ನಡಿಗೆ. ದಿನಕ್ಕೆ 25 ಕಿಲೋಮೀಟರ್‌ನಂತೆ ನೂರು ದಿನ ನೇರ ಉತ್ತರಕ್ಕೆ ನಡೆದರೆ 2,500 ಕಿಲೋಮೀಟರ್, ಅಕ್ಷಾಂಶದಲ್ಲಿ ಸುಮಾರು 22.5 ಡಿಗ್ರಿ. 13 ಡಿಗ್ರಿ ಅಕ್ಷಾಂಶದಲ್ಲಿ ಹೊರಟಾಗ ದಿಗಂತದಿಂದ ಕಾವಲು ನಕ್ಷತ್ರದ ಎತ್ತರ 75 ಡಿಗ್ರಿ, ನಡುಪಟ್ಟಿಯ ನಿಜ ನಕ್ಷತ್ರಗಳು ನೆತ್ತಿಯ ಹತ್ತಿರ ಬಂದಾಗ 77. ನಡೆದು ಮುಗಿದಾಗ ಇದು 49, ಅವು 54.5. ಎರಡು ಡಿಗ್ರಿಯ ಅಂತರ ಆರರ ಹತ್ತಿರ ಬಂದಿದೆ. ಇದು ಉಳಿದವುಗಳಿಗಿಂತ ಬೇಗ ಇಳಿದಿದೆ. ದಾರಿ ಬದಿಯ ಮರ ದೂರದ ಬೆಟ್ಟಕ್ಕಿಂತ ಬೇಗ ಹಿಂದೆ ಸರಿಯುವುದನ್ನು ಕಂಡವಳಿಗೆ ಅರ್ಥವಾಗುತ್ತದೆ: ಇದು ಹತ್ತಿರದಲ್ಲಿದೆ.

ಮೂರನೆಯದು ಎಲ್ಲಕ್ಕಿಂತ ಚೆಂದ. ಹಗಲು ರಾತ್ರಿ ಸಮವಾಗುವ ದಿನದ ಆಸುಪಾಸು ಸುಮಾರು 45 ದಿನ ಆ ಉಪಗ್ರಹ ನಡುರಾತ್ರಿ ಭೂಮಿಯ ನೆರಳಿಗೆ ಸಿಕ್ಕಿ ಆರಿಹೋಗುತ್ತದೆ. ಮೊದಲ ರಾತ್ರಿ ಕೆಲವೇ ನಿಮಿಷ, ದಿನದಿನಕ್ಕೆ ಹೆಚ್ಚುತ್ತಾ 72 ನಿಮಿಷದವರೆಗೆ, ಆಮೇಲೆ ಮತ್ತೆ ಇಳಿಮುಖ. ಊರಿನಲ್ಲಿ 'ಕಾವಲು ಕಣ್ಣು ಮುಚ್ಚುವ ದಿನಗಳು' ಎಂದು ಹೆಸರು, ಆ ರಾತ್ರಿಗಳಲ್ಲಿ ಹೆಂಗಸರು ಹೊಸ್ತಿಲು ದಾಟಬಾರದು ಎಂದು ಕಟ್ಟಳೆ. ಅವಳು ದಾಟುತ್ತಾಳೆ. ಗಳಿಗೆಬಟ್ಟಲು ಇಟ್ಟು ದಾರದಲ್ಲಿ ಗಂಟು ಹಾಕುತ್ತಾಳೆ, ಆರಿದ ಪ್ರತಿ ನಿಮಿಷಕ್ಕೊಂದು ಗಂಟು, ದಿನಕ್ಕೊಂದು ದಾರ. 45 ದಾರಗಳನ್ನು ಸಾಲಾಗಿ ತೂಗುಹಾಕಿದಾಗ ಗಂಟುಗಳ ತುದಿ ಬಿಲ್ಲಿನಂತೆ ಬಾಗುತ್ತದೆ. ದುಂಡಗಿನ ಯಾವುದೋ ಒಂದರ ನೆರಳು ಅದರ ಮೇಲೆ ಹಾಯುತ್ತಿದೆ. ನೆರಳಿಗೆ ಆರುವ ನಕ್ಷತ್ರಕ್ಕೆ ಸ್ವಂತ ಬೆಳಕಿಲ್ಲ, ಸೂರ್ಯನಿಂದ ಎರವಲು. ಕಟ್ಟಳೆ ಯಾಕೆ ಅದೇ ರಾತ್ರಿಗಳಿಗೆ ಇತ್ತು ಎಂಬುದೂ ಅಲ್ಲೇ ತಿಳಿಯುತ್ತದೆ.

ತಪ್ಪುವ ಕಡೆ ಎರಡಿವೆ. ನಿಜವಾದ ಭೂಸ್ಥಿರ ಉಪಗ್ರಹ ಬರಿಗಣ್ಣಿಗೆ ಕಾಣದಷ್ಟು ಮಂಕು. ಕಾಣಲು ಕನಿಷ್ಠ ನೂರು ಪಟ್ಟು, ಎದ್ದು ಹೊಳೆಯಲು ಹತ್ತು ಸಾವಿರ ಪಟ್ಟು ಬೆಳಕು ಬೇಕು. ಹತ್ತು ಮೀಟರ್ ಉದ್ದಗಲದ್ದು ಒಂದು ಕಿಲೋಮೀಟರ್ ಉದ್ದಗಲದ್ದಾಗಬೇಕು. ಎರಡನೆಯದು, ಇಂಧನ ಮುಗಿದ ಉಪಗ್ರಹ ನಿಂತಲ್ಲಿ ನಿಲ್ಲುವುದಿಲ್ಲ. ಚಂದ್ರ ಸೂರ್ಯರ ಸೆಳೆತಕ್ಕೆ ಅದರ ಕಕ್ಷೆ ವರ್ಷ ವರ್ಷ ಓರೆಯಾಗಿ, ದಿನಕ್ಕೊಮ್ಮೆ 8ರ ಆಕಾರದಲ್ಲಿ ಸುಳಿಯತೊಡಗುತ್ತದೆ. ಇದನ್ನು ತಪ್ಪಾಗಲು ಬಿಡಬೇಡಿ, ಕಥೆಗೆ ಹಾಕಿಕೊಳ್ಳಿ. ನಕ್ಷತ್ರ ಎಂಟು ಬರೆಯಲು ಶುರುಮಾಡಿದೆ ಎಂದರೆ ಅದನ್ನು ನೋಡಿಕೊಳ್ಳುತ್ತಿದ್ದವರ ಕೈ ಸೋತಿದೆ.

ಸುಳಿವು ಎಷ್ಟು ಕೊಡಬೇಕು?

ಗುಟ್ಟು ಒಡೆಯುವ ಮೊದಲು ಮೂರು, ಮೂರೂ ಬೇರೆ ಬೇರೆ ಇಂದ್ರಿಯಕ್ಕೆ. ಒಂದು ಕಣ್ಣಿಗೆ ಕಂಡರೆ ಇನ್ನೊಂದು ಕೈಗೆ ಬಿಸಿಯಾಗಿ ತಾಗಲಿ, ಮೂರನೆಯದು ಯಾರೋ ಹಾಡುವ ಲಾಲಿಯಲ್ಲಿ ಅರ್ಥವಿಲ್ಲದ ಸಾಲಾಗಿ ಬರಲಿ. ಮೊದಲನೆಯದು ಕಥೆಯ ಮೊದಲ ಕಾಲುಭಾಗದೊಳಗೆ ಬೀಳಬೇಕು, ಆಮೇಲೆ ಬಿದ್ದರೆ ಮೋಸ ಅನ್ನಿಸುತ್ತದೆ. ಓದುಗ ನಾಯಕಿಗಿಂತ ಸ್ವಲ್ಪ ಮುಂದಿದ್ದರೆ ಅಡ್ಡಿಯಿಲ್ಲ. ನೂರು ಪುಟ ಮುಂದಿದ್ದರೆ ಅವಳು ದಡ್ಡಿಯಾಗಿ ಕಾಣುತ್ತಾಳೆ, ಇಂಥ ಕಥೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧ ಇಲ್ಲ.

ಕನ್ನಡದಲ್ಲಿ ಬರೆಯುವಾಗ 'ಸ್ಕ್ರೀನ್', 'ಬಟನ್' ಅಂತ ಬರೆದ ಕೂಡಲೇ ಗುಟ್ಟು ಒಡೆದುಹೋಗುತ್ತೆ. ಏನು ಮಾಡಲಿ?

ಈ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. 'ಯಂತ್ರ' ಎಂದರೆ ಮಷೀನೂ ಹೌದು, ತೋಳಿಗೆ ಕಟ್ಟುವ ತಾಯತದ ತಗಡೂ ಹೌದು. 'ತಂತ್ರ'ದಿಂದಲೇ ತಾಂತ್ರಿಕನೂ ತಂತ್ರಜ್ಞನೂ ಬಂದದ್ದು. 'ವಿದ್ಯುತ್' ಮೊದಲು ಮಿಂಚು, ಆಮೇಲೆ ಕರೆಂಟು. 'ಅವಳ ಯಂತ್ರ ಕೆಟ್ಟಿದೆ' ಎಂಬ ಒಂದು ವಾಕ್ಯವನ್ನು ಮೊದಲ ಅಧ್ಯಾಯದಲ್ಲಿ ತಾಯತವಾಗಿಯೂ ಕೊನೆಯಲ್ಲಿ ಮಷೀನಾಗಿಯೂ ಓದಿಸಬಹುದು. ಇಂಗ್ಲಿಷಿನವರಿಗೆ ಈ ಸೌಲಭ್ಯ ಇಲ್ಲ.

ವಸ್ತುವನ್ನು ಅದರ ಕೆಲಸದಿಂದ ಹೆಸರಿಸಿ. ಪರದೆ ಎನ್ನುವ ಬದಲು 'ತಣ್ಣನೆ ಬೆಳಕಿನ ಹಲಗೆ', ಗುಂಡಿಯ ಬದಲು 'ಒತ್ತುಗಲ್ಲು'. ಸಂಸ್ಕೃತದಿಂದ ಉದ್ದುದ್ದ ಸಮಾಸ ಕಟ್ಟಬೇಡಿ. 'ದೂರದರ್ಶಕಫಲಕ' ಎಂದೊಡನೆ ಪಠ್ಯಪುಸ್ತಕದ ವಾಸನೆ ಬರುತ್ತದೆ, ಗುಟ್ಟೂ ಉಳಿಯುವುದಿಲ್ಲ.

ಇನ್ನೊಂದು ಸಣ್ಣ ಉಪಾಯ. ಜನ ಯಂತ್ರವನ್ನು ದೇವಿಯೆಂದು ನಂಬಿರುವಷ್ಟು ಕಾಲ ನಿರೂಪಣೆಯೂ 'ಅವಳು ಮುನಿದಳು, ಅವಳು ನುಡಿದಳು' ಎನ್ನಲಿ. ನಾಯಕಿ ಮುಚ್ಚಳ ತೆರೆದ ಪುಟದಿಂದ, ಯಾವ ವಿವರಣೆಯೂ ಇಲ್ಲದೆ, 'ಅದು ನಿಂತಿತು, ಅದು ಸದ್ದು ಮಾಡಿತು' ಆಗಲಿ. ಒಂದು ಸರ್ವನಾಮದಲ್ಲಿ ಇಡೀ ಧರ್ಮ ಕುಸಿಯುತ್ತದೆ.

## ಇನ್ನೂ ಆಳಕ್ಕೆ

ತಂತ್ರಜ್ಞಾನ ಅಂದರೆ ಯಂತ್ರವೇ ಇರಬೇಕಾ?

ಬೇಡ. ಹೆಂಗಸರ ಕೈಯಲ್ಲಿದ್ದ ತಂತ್ರಜ್ಞಾನ ಹೆಚ್ಚಾಗಿ ಯಂತ್ರದ ರೂಪದಲ್ಲಿ ಇರಲೇ ಇಲ್ಲ, ಅದಕ್ಕೇ ಯಾರೂ ಅದನ್ನು ತಂತ್ರಜ್ಞಾನ ಎನ್ನಲಿಲ್ಲ. ನಡೆದ ಸಂಗತಿಯೊಂದನ್ನು ನೋಡಿ. 1840ರ ದಶಕದ ವಿಯೆನ್ನಾದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ನೂರಕ್ಕೆ ಸುಮಾರು ಹತ್ತು ತಾಯಂದಿರು ಸಾಯುತ್ತಿದ್ದರು, ಸೂಲಗಿತ್ತಿಯರ ಕಡೆ ಸುಮಾರು ನಾಲ್ಕು. ಮೊದಲನೆಯದಕ್ಕೆ ಹಾಕಬೇಡಿ ಎಂದು ಬಸುರಿಯರು ಅಂಗಲಾಚುತ್ತಿದ್ದರು. ಅವರ ಮಾತನ್ನು ಮೂಢನಂಬಿಕೆ ಎನ್ನಬಹುದಿತ್ತು, ಆದರೆ ಅವರೇ ಸರಿ. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಅಲ್ಲಿನ ವೈದ್ಯ ಇಗ್ನಾಜ್ ಸೆಮೆಲ್‌ವೈಸ್ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ, ಏಪ್ರಿಲ್‌ನಲ್ಲಿ ನೂರಕ್ಕೆ 18 ದಾಟಿದ್ದ ಸಾವು ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು.

ಈ ಹಂದರದ ಮೇಲೆ ಕಾದಂಬರಿ ಕಟ್ಟಬಹುದು. ಸೂಲಗಿತ್ತಿಯರ ಪಂಗಡದಲ್ಲಿ 'ಬಿಳಿ ನೀರಿನ ಶಾಸ್ತ್ರ' ಎಂದೊಂದು ಆಚರಣೆ, ಯಾಕೆಂದು ಯಾರಿಗೂ ನೆನಪಿಲ್ಲ. ಅದನ್ನು ಮಾಟವೆಂದು ನಿಷೇಧಿಸಿದ ವರ್ಷದಿಂದ ಊರಿನಲ್ಲಿ ಹೆಣ ಬೀಳತೊಡಗುತ್ತವೆ. ಇಲ್ಲಿ ನಾಯಕಿ ಹೊಸದನ್ನು ಕಂಡುಹಿಡಿಯಬೇಕಿಲ್ಲ, ಹಳೆಯದಕ್ಕೆ ಕಾರಣ ಕಂಡುಹಿಡಿಯಬೇಕು.

ಗುಟ್ಟು ಹೆಂಗಸರ ಕೈಯಲ್ಲೇ ಇದ್ದರೆ? ಆಗಲೂ ಸ್ತ್ರೀವಾದಿಯೇ?

ಪ್ರಶ್ನೆ ಅಲ್ಲೇ ಹರಿತವಾಗುವುದು. ಶೆರಿ ಟೆಪ್ಪರ್ 1988ರಲ್ಲಿ ಬರೆದ 'ದಿ ಗೇಟ್ ಟು ವುಮೆನ್ಸ್ ಕಂಟ್ರಿ'ಯಲ್ಲಿ ನಗರಗಳನ್ನು ಆಳುವವರು ಹೆಂಗಸರು, ಸೈನಿಕರಾದ ಗಂಡಸರು ಗೋಡೆಯ ಹೊರಗೆ. ಆಳುವ ಮಂಡಲಿಯು ಸಂತಾನದ ಕುರಿತ ದೊಡ್ಡ ಗುಟ್ಟೊಂದನ್ನು ಗಂಡಸರಿಂದ ಮಾತ್ರವಲ್ಲ, ತನ್ನದೇ ಹೆಂಗಸರಿಂದಲೂ ಮುಚ್ಚಿಡುತ್ತದೆ. ಒಳ್ಳೆಯ ಉದ್ದೇಶದಿಂದ ಇನ್ನೊಬ್ಬರ ಮೈಮೇಲೆ ಅವರಿಗೆ ತಿಳಿಯದಂತೆ ತೀರ್ಮಾನ ಮಾಡಬಹುದೇ? ಓದುಗರು ಆ ಪುಸ್ತಕದ ಮೇಲೆ ಇವತ್ತಿಗೂ ಜಗಳಾಡುತ್ತಾರೆ. ಬರೆಯುವವರಿಗೆ ನಮ್ಮ ಸಲಹೆ: ಗುಟ್ಟು ಕಾಯುವ ಹೆಂಗಸರನ್ನು ನೀಚರನ್ನಾಗಿ ಮಾಡಬೇಡಿ, ಅವರ ವಾದ ಬಲವಾಗಿರಲಿ, ನಾಯಕಿ ಒಂದು ಕ್ಷಣ ಒಪ್ಪಿಬಿಡುವಷ್ಟು ಬಲವಾಗಿರಲಿ.

ಹಳ್ಳಿಯವರು ಪೆದ್ದರು, ಹೊರಗಿನವಳು ಬಂದು ಬೆಳಕು ಕೊಟ್ಟಳು ಅನ್ನೋ ಹಾಗೆ ಆಗಿಬಿಡುತ್ತೆ. ತಪ್ಪಿಸೋದು ಹೇಗೆ?

ಜನರ ನಂಬಿಕೆಯಲ್ಲಿ ಸರಿಯಾದ ಅವಲೋಕನ ಇರಲಿ, ಕಾರಣ ಮಾತ್ರ ಬೇರೆ ಇರಲಿ. 'ಗೋಪುರದ ಭೂತ ಮಳೆಗಾಲದಲ್ಲಿ ಹೆಚ್ಚು ಕಾಡುತ್ತದೆ' ಎಂಬ ಅಜ್ಜಿಯ ಮಾತು ನೀರಿನಲ್ಲಿ ಸೋರುವ ವಿಷಕ್ಕೆ ಸರಿಯಾಗಿ ಹೊಂದಬೇಕು. ಆಗ ನಾಯಕಿ ಅಜ್ಜಿಯನ್ನು ತಿದ್ದುವುದಿಲ್ಲ, ಅಜ್ಜಿಯ ಲೆಕ್ಕವನ್ನು ಮುಂದುವರಿಸುತ್ತಾಳೆ.

ಗುಟ್ಟು ಬಯಲಾದ ಮೇಲೆ ಮಾಯೆ ಸತ್ತುಹೋಗಲ್ವಾ? ಉಳಿದ ಅರ್ಧ ಪುಸ್ತಕ ಏನು ಬರೆಯೋದು?

ಅರ್ಧಕ್ಕೇ ಒಡೆದರೆ ಒಳ್ಳೆಯದೇ ಆಯಿತು. ಈಗ ಹೊಸ ಪ್ರಶ್ನೆ: ಇದನ್ನು ಯಾರಿಗೆ ಹೇಳುವುದು, ಯಾರು ನಂಬುತ್ತಾರೆ, ಯಂತ್ರ ನಿಲ್ಲಿಸಿದರೆ ಅದನ್ನೇ ನೆಚ್ಚಿಕೊಂಡವರ ಗತಿ ಏನು? ವಿಂಜ್ ಅವರ ಕಾದಂಬರಿಯ ಸಿಬಿಲ್‌ಗಳು ದೈವವಾಣಿ ನುಡಿಯುವವರಂತೆ ಕಾಣುತ್ತಾರೆ. ನಿಜಕ್ಕೂ ಅವರು ಅಳಿದ ಸಾಮ್ರಾಜ್ಯದ ಮಾಹಿತಿ ಭಂಡಾರವೊಂದಕ್ಕೆ ಸೋಂಕಿನ ಮೂಲಕ ಜೋಡಣೆಯಾದವರು. ಅದು ತಿಳಿದ ಮೇಲೆ ಬೆರಗು ಕುಗ್ಗುವುದಿಲ್ಲ, ಆ ಭಂಡಾರ ಎಲ್ಲಿದೆ ಎಂಬ ದಿಕ್ಕಿಗೆ ಹೊರಳುತ್ತದೆ. ಮಾಯೆ ಸಾಯುವುದು ವಿವರಣೆ ಭಾಷಣವಾದಾಗ. ಒಂದು ಪುಟ ಮೀರಿದ ವಿವರಣೆಯನ್ನು ಕತ್ತರಿಸಿ, ಉಳಿದದ್ದನ್ನು ಅವಳ ಕೈ ಕೆಲಸದಲ್ಲಿ ತೋರಿಸಿ.

'ಡ್ರೀಮ್‌ಸ್ನೇಕ್'ನ ಮೆರಿಡಿತ್ ಗಂಡೋ ಹೆಣ್ಣೋ ಅಂತ ಲೇಖಕಿ ಹೇಳೋದೇ ಇಲ್ಲ. ಕನ್ನಡಕ್ಕೆ ಅನುವಾದ ಮಾಡೋಕೆ ಆಗುತ್ತಾ? ನಮ್ಮಲ್ಲಿ ಕ್ರಿಯಾಪದದಲ್ಲೇ ಲಿಂಗ ಬಂದುಬಿಡುತ್ತಲ್ಲ?

ಆಗುತ್ತದೆ, ಬೆವರು ಹರಿಯುತ್ತದೆ ಅಷ್ಟೇ. ಇಂಗ್ಲಿಷಿನಲ್ಲಿ ಸರ್ವನಾಮ ತಪ್ಪಿಸಿದರೆ ಸಾಕು. ಕನ್ನಡದಲ್ಲಿ 'ಬಂದನು, ಬಂದಳು' ಎಂದು ಕ್ರಿಯಾಪದವೇ ಬಾಯಿಬಿಡುತ್ತದೆ. ಎಲ್ಲರಿಗೂ ಮೊದಲು ಹೊಳೆಯುವುದು 'ಮೆರಿಡಿತ್ ಬಂದರು' ಎಂಬ ಬಹುವಚನ. ಅದರ ತೊಂದರೆ ಏನೆಂದರೆ ಮೆರಿಡಿತ್‌ಗೆ ಸುಮ್ಮನೆ ಗೌರವ ಬಂದುಬಿಡುತ್ತದೆ. ಜೊತೆಯವರನ್ನೆಲ್ಲ ಏಕವಚನದಲ್ಲಿ ಕರೆದು ಒಬ್ಬರಿಗೆ ಮಾತ್ರ 'ರು' ಹಚ್ಚಿದರೆ ಓದುಗನ ಕಣ್ಣು ಅಲ್ಲೇ ನಿಲ್ಲುತ್ತದೆ. ಹಾಕುವುದಿದ್ದರೆ ಮೆರಿಡಿತ್ ಮತ್ತು ಇಬ್ಬರು ಬಾಳಸಂಗಾತಿಗಳು, ಮೂವರಿಗೂ ಹಾಕಿ.

ಭಾಷೆಯಲ್ಲಿ ಬೇರೆ ಕಳ್ಳದಾರಿಗಳೂ ಇವೆ. ನಿಷೇಧ ರೂಪಕ್ಕೆ ಲಿಂಗ ಇಲ್ಲ: 'ಮೆರಿಡಿತ್ ಬರಲಿಲ್ಲ'. ಅನುಭವ, ಅರಿವುಗಳನ್ನು ಚತುರ್ಥಿಯಲ್ಲಿ ಹೇಳಿದರೆ ಲಿಂಗ ಇಲ್ಲ: 'ಮೆರಿಡಿತ್‌ಗೆ ಸಿಟ್ಟು ಬಂತು', 'ಮೆರಿಡಿತ್‌ಗೆ ಗೊತ್ತಿತ್ತು'. 'ಬಾಗಿಲು ತೆರೆದದ್ದು ಮೆರಿಡಿತ್' ಎಂದು ತಿರುಗಿಸಿದರೂ ಇಲ್ಲ. ಮಾತಿನ ಭಾಗಗಳಲ್ಲಿ 'ನಾನು ಬಂದೆ, ನೀನು ಬಂದೆ' ಹೇಗೂ ತಟಸ್ಥ. ಇವುಗಳಲ್ಲಿ 'ತೆರೆದದ್ದು, ಹೇಳಿದ್ದು' ಎಂಬುದನ್ನು ಪುಟಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಳಸಬೇಡಿ, ಪತ್ತೇದಾರಿ ವರದಿಯ ಹಾಗೆ ಕೇಳುತ್ತದೆ. ಚತುರ್ಥಿಯ ವಾಕ್ಯಗಳು ಎಷ್ಟು ಬಂದರೂ ಕಿವಿಗೆ ಹಿತ. ಕೊನೆಗೆ 'ಮೆರಿಡಿತ್' ಇರುವ ಪುಟಗಳನ್ನಷ್ಟೇ ತೆಗೆದು ಗಟ್ಟಿಯಾಗಿ ಓದಿಸಿ ಕೇಳಿ. ಓದುವವರ ನಾಲಿಗೆ ಎಲ್ಲಿ ತಾನಾಗಿ 'ಳು' ಅಥವಾ 'ನು' ಸೇರಿಸಿಕೊಂಡಿತೋ ಆ ವಾಕ್ಯ ಇನ್ನೊಮ್ಮೆ ಬರೆಯಬೇಕಾದದ್ದು.